ಮಗುವಿನ ತೋಳಿಗೆ ತಕ್ಕ ಬಿಲ್ಲು

ಬೆಳೆಯುವ ಮಕ್ಕಳಿಗೆ ಅಂಗಿ, ಚಪ್ಪಲಿ, ಸೈಕಲ್ಲು ಏನು ಕೊಂಡರೂ ಒಂದು ಅಳತೆ ದೊಡ್ಡದನ್ನೇ ಕೊಳ್ಳುವುದು ನಮ್ಮ ಮನೆಗಳ ರೂಢಿ. ಮುಂದಿನ ವರ್ಷಕ್ಕೂ ಬರಲಿ ಎಂಬ ಲೆಕ್ಕಾಚಾರ. ಆದರೆ ಬಿಲ್ಲಿನ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ.

ಮಸ್ಕಿ ಕಡೆಯ ಹಳ್ಳಿಯಿಂದ ಒಬ್ಬ ತಂದೆ ಹತ್ತು ವರ್ಷದ ಮಗನನ್ನು ನನ್ನಲ್ಲಿಗೆ ಕರೆತಂದಿದ್ದರು. ಅಂಗಿ ತೊಡಲೂ ಕೈ ಎತ್ತಲಾಗದಷ್ಟು ಭುಜದ ನೋವು. ಬಿದ್ದಿರಲಿಲ್ಲ, ಏಟು ತಗುಲಿರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಮಗನ ಆಸೆಗೆಂದು ಮರದ ಉದ್ದನೆಯ ಬಿಲ್ಲು ತರಿಸಿದ್ದರು. ಅದರ ಮೇಲೆ 40 ಪೌಂಡ್ ಎಂದು ಬರೆದಿತ್ತು. ಎರಡು ತಿಂಗಳ ವಿಶ್ರಾಂತಿಯಿಂದ ನೋವು ಹೋಯಿತು. ಆದರೆ ಹುಡುಗ ಮತ್ತೆ ಬಿಲ್ಲು ಮುಟ್ಟಲಿಲ್ಲ. ನನಗೆ ಹೆಚ್ಚು ಬೇಸರವಾದದ್ದು ಅದಕ್ಕೆ.

ಬಿಲ್ಲುಗಾರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಬೇಡ ನಾಯಕರ ಸುರಪುರ ನಮ್ಮ ನೆರೆಯಲ್ಲೇ ಇದೆ. ರಾಜ್ಯದ ಕ್ರೀಡಾ ಪ್ರಶಸ್ತಿಗೆ ಏಕಲವ್ಯನ ಹೆಸರಿದೆ. ಬಿದಿರು, ಮರದ ಬಿಲ್ಲಿಗೆಂದೇ ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ವಿಭಾಗವಿದೆ. ರಾಜಸ್ಥಾನದ ಬುಡಕಟ್ಟು ಕುಟುಂಬದ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಆರಂಭಿಸಿ 1988, 1992 ಹಾಗೂ 1996ರ ಒಲಿಂಪಿಕ್ಸ್‌ನಲ್ಲಿ ಆಡಿದರು. ಏಕಾಗ್ರತೆಗೆ, ಬೆನ್ನು ನೇರವಾಗಿಡಲು ಇದು ಒಳ್ಳೆಯ ಆಟ. ಬಿಲ್ಲು ಮಾತ್ರ ಮಗುವಿನ ತೋಳಿಗೆ ತಕ್ಕದ್ದಾಗಿರಬೇಕು.

ಪೌಂಡ್ ಎಂಬುದು ಬಿಲ್ಲಿನ ತೂಕವಲ್ಲ. ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾದ ಬಲ. 10 ಪೌಂಡ್ ಎಂದರೆ ಸುಮಾರು ನಾಲ್ಕೂವರೆ ಕಿಲೋ. ಬರೆದಿರುವ ಅಂಕಿ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ಹತ್ತು ವರ್ಷದ ಮಗು 20-22 ಇಂಚು ಮಾತ್ರ ಎಳೆಯುವುದರಿಂದ ಅದರ ಕೈಗೆ ಬರುವ ಭಾರ ಅದಕ್ಕಿಂತ ಕಡಿಮೆ. ಆದರೂ 40 ಪೌಂಡಿನ ಬಿಲ್ಲು ಆ ವಯಸ್ಸಿಗೆ ಬಹಳ ಹೆಚ್ಚು. ಮಕ್ಕಳ ಎಲುಬಿನ ತುದಿಗಳಲ್ಲಿ ಮೃದುವಾದ ಬೆಳವಣಿಗೆಯ ಪಟ್ಟಿ ಇರುತ್ತದೆ. ಭುಜದಲ್ಲಿ ಅದು ಪೂರ್ತಿ ಗಟ್ಟಿಯಾಗುವುದು ಹದಿಹರೆಯದ ಕೊನೆಗೆ. ಮಿತಿಮೀರಿದ ಎಳೆತ ಪದೇ ಪದೇ ಬಿದ್ದರೆ ಆ ಪಟ್ಟಿಗೂ ಸ್ನಾಯುಗಳಿಗೂ ಪೆಟ್ಟು.

ಮನೆಯಲ್ಲೇ ಅಳೆಯಬಹುದು. ಮಗು ಎರಡೂ ಕೈ ಅಗಲಿಸಿ ನಿಲ್ಲಲಿ. ಬೆರಳ ತುದಿಯಿಂದ ಬೆರಳ ತುದಿಗೆ ಇರುವ ಇಂಚುಗಳನ್ನು ಎರಡೂವರೆಯಿಂದ ಭಾಗಿಸಿದರೆ ಎಳೆತದ ಉದ್ದ ಸಿಗುತ್ತದೆ. ಸಂತೆಯಲ್ಲಿ ಬಳಸುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ ಅಷ್ಟು ಉದ್ದ ಎಳೆದರೆ ನಿಜವಾದ ಭಾರ ತಿಳಿಯುತ್ತದೆ. ಅಂದಾಜಿಗೆ ಹೇಳುವುದಾದರೆ 7ರಿಂದ 9 ವರ್ಷಕ್ಕೆ 10 ಪೌಂಡಿನೊಳಗೆ, 10ರಿಂದ 12ಕ್ಕೆ 10ರಿಂದ 15, ಮುಂದೆ 15ರಿಂದ 20. ವಯಸ್ಸಿಗಿಂತ ಮೈಕಟ್ಟು ಮುಖ್ಯ.

ಕೊನೆಯ ಪರೀಕ್ಷೆ ಮಗುವಿನದೇ. ಬಾಣವಿಲ್ಲದೆ ಹೆದೆ ಎಳೆದು, ಹತ್ತು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಹಿಂದಕ್ಕೆ ತರಲಿ. ಬಾಣವಿಲ್ಲದ ಹೆದೆಯನ್ನು ಥಟ್ಟನೆ ಬಿಟ್ಟರೆ ಬಿಲ್ಲು ಸೀಳಬಹುದು. ಕೈ ನಡುಗಿದರೆ, ಭುಜ ಕಿವಿಯತ್ತ ಏರಿದರೆ, ಸೊಂಟ ಹಿಂದಕ್ಕೆ ಬಾಗಿದರೆ ಆ ಬಿಲ್ಲು ಬೇಡ. ಆಟದ ನಂತರ ಹೆದೆ ಕಳಚಿಡಿ. ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಮರ ಒಣಗಿ ಬಿರುಕು ಬಿಡುತ್ತದೆ, ನೆರಳಿನಲ್ಲಿಡಿ.

ಹಗುರ ಬಿಲ್ಲಿನಿಂದಲೂ ಕಣ್ಣು ಹೋಗಬಹುದು. ದೂರದರ್ಶನದಲ್ಲಿ 1987-88ರಲ್ಲಿ ರಾಮಾಯಣ ಬಂದಾಗ ಓಣಿ ಓಣಿಯ ಮಕ್ಕಳು ಬಿದಿರಿನ ಬಿಲ್ಲಿಗೆ ಪೊರಕೆ ಕಡ್ಡಿ ಹೂಡಿ ಆಡಿದ್ದು ನೆನಪಿರಬಹುದು. ಕಣ್ಣಿಗೆ ಕಡ್ಡಿ ಚುಚ್ಚಿದರೆ ಉಜ್ಜಬೇಡಿ, ಕೀಳಬೇಡಿ, ಎದೆಹಾಲು, ಎಣ್ಣೆ ಹಾಕಬೇಡಿ. ಒತ್ತದಂತೆ ಲೋಟ ಮುಚ್ಚಿ ತಕ್ಷಣ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಸಿಂಧನೂರು, ಲಿಂಗಸುಗೂರಿನಂಥ ಊರುಗಳ ಇಕ್ಕಟ್ಟಾದ ಓಣಿ ಈ ಆಟಕ್ಕೆ ಸಲ್ಲದು. ಗುರಿಯ ಹಿಂದೆ ಮಣ್ಣಿನ ದಿಬ್ಬ, ಪಕ್ಕದಲ್ಲಿ ಒಬ್ಬ ದೊಡ್ಡವರು ಇರಲೇಬೇಕು.

ಸೀತಾ ಸ್ವಯಂವರದಲ್ಲಿ ಬಿಲ್ಲು ಎತ್ತಲಾಗದ ರಾಜರು ತಲೆ ತಗ್ಗಿಸಿ ಹೋದರು. ನಿಮ್ಮ ಮಗುವನ್ನು ಅಂಥ ಪರೀಕ್ಷೆಗೆ ಒಡ್ಡಬೇಡಿ. ಇಂದು ಸುಲಭವಾಗಿ ಎಳೆಯಬಲ್ಲ ಬಿಲ್ಲನ್ನು ಕೊಡಿಸಿ. ಮಗು ಬೆಳೆದ ಮೇಲೆ ಇನ್ನೊಂದನ್ನು ಕೊಂಡರಾಯಿತು.