ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ಮಾಗಿತೆ?

ಶಸ್ತ್ರಕ್ರಿಯೆಯಾಗಿ ಹತ್ತು ಹನ್ನೆರಡು ದಿನಗಳಲ್ಲಿ ಹೊಲಿಗೆ ಬಿಚ್ಚಿದರೆಂದರೆ, ನಮ್ಮ ಹೋಟೆಲು ಬಂಧುಗಳು ಮರುದಿನವೇ ದೋಸೆ ಕಾವಲಿಯ ಮುಂದೆ ನಿಂತುಬಿಡುತ್ತಾರೆ. ಧನಿಗಳೂ ಅದನ್ನೇ ಎದುರು ನೋಡುತ್ತಿರುತ್ತಾರೆ. ಹೊಲಿದ ಚರ್ಮವು ಮೂರನೆಯ ವಾರದ ಹೊತ್ತಿಗೂ ತನ್ನ ಬಲದ ಸುಮಾರು ಐದರಲ್ಲಿ ಒಂದು ಪಾಲನ್ನಷ್ಟೇ ಮರಳಿ ಪಡೆದಿರುತ್ತದೆಂಬುದು ಇಬ್ಬರಿಗೂ ತಿಳಿದಿರುವುದಿಲ್ಲ. ಇದು ಆರೋಗ್ಯವಂತನ ಲೆಕ್ಕ. ಸಕ್ಕರೆ ಕಾಯಿಲೆಯವನ ಲೆಕ್ಕವೇ ಬೇರೆ.

ರಕ್ತದಲ್ಲಿ ಸಕ್ಕರೆ ಏರಿದಾಗ ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿಯ ರಕ್ತಕಣಗಳು ಮಂಕಾಗುತ್ತವೆ; ಕಾಯಿಲೆ ಹಳೆಯದಾದಂತೆ ರಕ್ತನಾಳಗಳು ಕೆಟ್ಟು ಗಾಯಕ್ಕೆ ಸಾಕಷ್ಟು ರಕ್ತ ತಲಪುವುದಿಲ್ಲ. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ ಕಾಲಿನ ನರಗಳು ಜಡವಾಗುವುದು. ನೋವಿಲ್ಲವೆಂದು ರೋಗಿಯು ಸಮಾಧಾನಪಡುತ್ತಿರುವಾಗಲೇ ಒಳಗೆ ಕೀವು ತುಂಬಿರಬಹುದು. ಬೀಡಿ ಸಿಗರೇಟುಗಳು ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತವೆ. ಮೂತ್ರಪಿಂಡದ ರೋಗವಿದ್ದವರೂ, ಉಬ್ಬಸಕ್ಕೆಂದು ಬಹುಕಾಲ ಸ್ಟೀರಾಯ್ಡ್ ಗುಳಿಗೆ ನುಂಗಿದವರೂ ಇದೇ ಸಾಲಿಗೆ ಸೇರಿದವರು.

ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ 8ನ್ನು ಮೀರಿದ್ದರೆ, ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಅನೇಕ ವೈದ್ಯರು ಮುಂದೂಡುತ್ತಾರೆ. ಆಗ ನಮ್ಮವರು ವೈದ್ಯರೊಡನೆಯೇ ಜಗಳಕ್ಕೆ ನಿಲ್ಲುತ್ತಾರೆ. ರಜೆ ಸಿಕ್ಕಿರುವುದು ಈ ವಾರವಷ್ಟೆ ಅಲ್ಲವೆ! ಇನ್ನು ಕೆಲವರು ಹಸಿಗಾಯ ಹೊತ್ತು ಊರಿಗೆ ಹೊರಟು, ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಬಾವು ತಂದುಕೊಳ್ಳುತ್ತಾರೆ.

ಅವರನ್ನು ಮಾತ್ರ ದೂರಿ ಫಲವೇನು? ಸಂಬಳ ನಿಂತೀತೆಂಬ ಭಯವೇ ಅವರನ್ನು ಅಡಿಗೆಮನೆಯ ಒದ್ದೆ ನೆಲದ ಮೇಲೆ ನಿಲ್ಲಿಸುತ್ತದೆ. ಆ ಭಯಕ್ಕೆ ಮದ್ದು ನಮ್ಮ ಬಿಬವೇವಾಡಿಯಲ್ಲೇ ಉಂಟು. ಇಲ್ಲಿಯ ಇ.ಎಸ್.ಐ. ಆಸ್ಪತ್ರೆಯನ್ನು ದಿನವೂ ದಾಟಿ ಹೋಗುವ ಎಷ್ಟೋ ಮಂದಿ ಅದು ಕಾರಖಾನೆಯವರದೆಂದೇ ತಿಳಿದಿದ್ದಾರೆ. ಹತ್ತು ಮಂದಿ ದುಡಿಯುವ ಹೋಟೆಲಿಗೂ ಈ ವಿಮೆ ಅನ್ವಯಿಸುತ್ತದೆ. 2019ರ ಜುಲೈಯಿಂದ ಕಾರ್ಮಿಕನ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಧನಿಯದು ಮೂರೂಕಾಲು. ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ಅನಾರೋಗ್ಯದ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ನೂರಕ್ಕೆ 70ರಷ್ಟು ಸಂಬಳ ದೊರೆಯುತ್ತದೆ.

ಹೆಸರು ನೋಂದಾಯಿಸಿದರೆ ಆಳುಗಳು ರಜೆ ಹಾಕಿ ಮಲಗುತ್ತಾರೆಂದು ಆಕ್ಷೇಪಿಸುವ ಧನಿಗಳಿದ್ದಾರೆ. ಗಲ್ಲೆಯ ಹಿಂದೆ ವರ್ಷಗಟ್ಟಲೆ ಕುಳಿತ ನಾನು ಈ ವಾದವನ್ನು ಒಪ್ಪಲಾರೆ. ಕಾಲು ಕಳೆದುಕೊಂಡ ಭಟ್ಟರನ್ನು ಯಾವ ಧನಿಯೂ ಮತ್ತೆ ಒಲೆಯ ಮುಂದೆ ನಿಲ್ಲಿಸಿಕೊಳ್ಳಲಾರನು. ಗಾಯ ಮಾಗುವವರೆಗೆ ಬಿಲ್ಲು ಬರೆಯುವ ಕೆಲಸವನ್ನಾದರೂ ಕುರ್ಚಿಯಲ್ಲಿ ಕೂರಿಸಿ ಕೊಡಬಾರದೆ? ಕಾರ್ಮಿಕ ಬಂಧುಗಳು ತಮ್ಮ ಹೆಸರು ವಿಮೆಯಲ್ಲಿ ದಾಖಲಾಗಿದೆಯೆ ಎಂಬುದನ್ನು ಶಸ್ತ್ರಕ್ರಿಯೆಯ ಚೀಟಿ ಕೈಗೆ ಬರುವ ಮೊದಲೇ ಧನಿಗಳಲ್ಲಿ ವಿಚಾರಿಸತಕ್ಕದ್ದು.