ವಿಮಾನ ದುರಂತಕ್ಕೀಡಾದವರ ಕುಟುಂಬಗಳ ಪರವಾಗಿ ಮನವಿ ಪತ್ರ

ಗೆ,
ಮಾನ್ಯ ನಾಗರಿಕ ವಿಮಾನಯಾನ ಸಚಿವರು,
ಭಾರತ ಸರ್ಕಾರ, ನವದೆಹಲಿ
(ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ, ಇವರ ಮೂಲಕ)

ಇವರಿಂದ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಾಗರಿಕರು

ವಿಷಯ: ಮುಂಗಡ ಪರಿಹಾರ, ಕನ್ನಡದಲ್ಲಿ ಮಾಹಿತಿ ಹಾಗೂ ಮಂಗಳೂರಿನಲ್ಲಿ ಕಡಲ ರಕ್ಷಣೆಯ ಸಿದ್ಧತೆ ಕುರಿತು.

ಮಾನ್ಯರೇ,

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ನಮ್ಮವರು ಹುಲಿಕಲ್ ಇಲ್ಲವೇ ಆಗುಂಬೆ ಘಾಟಿ ಇಳಿದು ಮಂಗಳೂರಿನಲ್ಲಿ ವಿಮಾನ ಹತ್ತುತ್ತಾರೆ. ಅಲ್ಲಿಂದ ಮುಂದೆ ಕಡಲ ಮೇಲಿನ ದಾರಿ.

1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ವಿಮಾನ ನೆಲ ಬಿಟ್ಟ ಎರಡು ನಿಮಿಷದೊಳಗೆ ಬಾಂದ್ರಾ ಎದುರಿನ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 213 ಜನರೂ ಸತ್ತರು. ವಿಮಾನದ ವಾಲಿಕೆ ತೋರುವ ಉಪಕರಣ ಕೆಟ್ಟಿತ್ತು. ಕತ್ತಲೆಯ ಕಡಲ ಮೇಲೆ ದಿಗಂತವೂ ಕಾಣದೆ ಕ್ಯಾಪ್ಟನ್ ವಿಮಾನವನ್ನು ತಪ್ಪು ಬದಿಗೆ ವಾಲಿಸಿದರು. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಮರಿಗೆ ಉರುಳಿ 158 ಜನ ತೀರಿಕೊಂಡರು. ಉಳಿದವರು 8 ಮಂದಿ.

ಬಜ್ಪೆ ದುರಂತದಲ್ಲಿ ಮನೆಯವರನ್ನು ಕಳೆದುಕೊಂಡ ಒಂದು ಕುಟುಂಬದ ಪರಿಹಾರದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2020ರ ಮೇ ತಿಂಗಳಲ್ಲಿ. 7.64 ಕೋಟಿ ರೂಪಾಯಿ ಸಿಕ್ಕಿತು, ಹತ್ತು ವರ್ಷದ ಮೇಲೆ. ಅಡಿಕೆ ತೋಟದ ಕೂಲಿಯನ್ನೇ ನಂಬಿದ ಮನೆಗೆ ದೆಹಲಿಯವರೆಗೆ ದಾವೆ ನಡೆಸುವ ಶಕ್ತಿ ಎಲ್ಲಿಂದ ಬರಬೇಕು?

ಆದ್ದರಿಂದ ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ ಮುಂಗಡ ಪರಿಹಾರದ್ದು. ವಿಮಾನ ಪ್ರಯಾಣಿಕರ ಪರಿಹಾರ ಕುರಿತು ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದವು ಇದನ್ನು ಆಯಾ ದೇಶದ ಕಾನೂನಿಗೇ ಬಿಟ್ಟಿದೆ. ಯುರೋಪ್ ಒಕ್ಕೂಟದ ನಿಯಮದಂತೆ, ಹಕ್ಕುದಾರರು ಯಾರೆಂದು ಗೊತ್ತಾದ 15 ದಿನಗಳೊಳಗೆ ವಿಮಾನ ಕಂಪನಿ ಮುಂಗಡ ಕೊಡಬೇಕು. ಕೊಟ್ಟ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ. ಇಂಥದೇ ಕಡ್ಡಾಯ ನಿಯಮವನ್ನು ಇಲ್ಲಿಯೂ ತರಬೇಕು. ಮುಂದೆ ದಾವೆ ಹೂಡುವುದಿಲ್ಲವೆಂಬ ಯಾವ ಕಾಗದಕ್ಕೂ ಮುಂಗಡದ ನೆಪದಲ್ಲಿ ಸಹಿ ಕೇಳಕೂಡದು. 2018ರಲ್ಲಿ ಜಕಾರ್ತದಿಂದ ಹಾರಿ ಜಾವಾ ಸಮುದ್ರಕ್ಕೆ ಬಿದ್ದ ಲಯನ್ ಏರ್ ವಿಮಾನದ 189 ಜನರ ಕುಟುಂಬಗಳ ಪೈಕಿ ಹಲವರ ಮುಂದೆ ಅಂಥ ಕಾಗದ ಬಂದದ್ದು ನಮ್ಮ ಕಣ್ಣೆದುರಿಗಿದೆ.

ಅದೇ ಒಪ್ಪಂದದಂತೆ ಎರಡು ವರ್ಷದೊಳಗೆ ದಾವೆ ಹೂಡದಿದ್ದರೆ ಹಕ್ಕೇ ಹೋಗುತ್ತದೆ. ಈ ಗಡುವನ್ನೂ ತನಿಖಾ ವರದಿಯನ್ನೂ ಸಂಬಂಧಪಟ್ಟ ಮನೆಗಳಿಗೆ ಕನ್ನಡದಲ್ಲಿ, ಲಿಖಿತವಾಗಿ ತಲುಪಿಸಬೇಕು. ಮೃತರ ಗುರುತು ಹಚ್ಚಲು ಬೇಕಾದ ಡಿಎನ್‌ಎ ಮಾದರಿ ಕೊಡಲು ವಯಸ್ಸಾದ ತಂದೆತಾಯಿ ಮಳೆಗಾಲದ ಘಾಟಿ ಇಳಿಯುವಂತಾಗಬಾರದು. ಮೂರೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂಗ್ರಹಿಸಬೇಕು.

ಮಂಗಳೂರು ವಿಮಾನ ನಿಲ್ದಾಣದ ಅಣಕು ಕಾರ್ಯಾಚರಣೆಗಳಲ್ಲಿ ರಾತ್ರಿ ವೇಳೆ ವಿಮಾನ ಕಡಲಿಗೆ ಬೀಳುವ ಸಂದರ್ಭವೂ ಇರಲಿ. ಕರಾವಳಿ ರಕ್ಷಣಾ ಪಡೆಯ ಜತೆಗೆ, ಆ ನೀರನ್ನು ಬಲ್ಲ ಮೀನುಗಾರರನ್ನೂ ದೋಣಿ ಸಹಿತ ಸೇರಿಸಿಕೊಳ್ಳಬೇಕು. ಲೈಫ್ ಜಾಕೆಟ್ ತೊಡುವ ಕ್ರಮವನ್ನು ವಿಮಾನದೊಳಗೆ ಕನ್ನಡದಲ್ಲೂ ಹೇಳಬೇಕು.

ಕೈಗೊಂಡ ಕ್ರಮವನ್ನು ಜಿಲ್ಲಾಧಿಕಾರಿಗಳ ಕಚೇರಿಯ ಮೂಲಕ ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಾಗರಿಕರು
(ಸಹಿಗಳನ್ನು ಲಗತ್ತಿಸಿದೆ)