ನೀರಿನ ಮೇಲೆ ‘ಕಟ್’ ಹೇಳಬೇಕಾದವರು ಯಾರು?

ನಮ್ಮ ಐತಿಹಾಸಿಕ ಸಿನಿಮಾದಲ್ಲಿ ಯುದ್ಧ ಅಂದರೆ ಬಯಲು, ಧೂಳು, ಕುದುರೆ. ‘ರಣಧೀರ ಕಂಠೀರವ’ (1960), ‘ಮಯೂರ’ (1975), ‘ಸಂಗೊಳ್ಳಿ ರಾಯಣ್ಣ’ (2012) ಎಂದು ಹೆಸರು ಹೇಳಿದರೆ ಸಾಕು, ಯಾರ ಕಣ್ಣಿಗೂ ಮೊದಲು ಬರುವುದು ಕುದುರೆಯೇ. ಇದನ್ನು ಕೊಂಕಾಗಿ ಹೇಳುತ್ತಿಲ್ಲ. ಅಂಥ ಧೂಳೆಬ್ಬಿಸುವ ಕೆಲಸದಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನಾನು ಕರಾವಳಿಯ ತದಡಿಯಲ್ಲಿ ದೋಣಿ ಕಟ್ಟುತ್ತಿದ್ದ ಆಚಾರಿಯ ಮಗ. ಉಳಿ, ಬಾಚಿ ಹಿಡಿಯಲು ಬರುತ್ತಿದ್ದ ಕಾರಣಕ್ಕೆ ಬೆಂಗಳೂರಿನಲ್ಲಿ ಸಿನಿಮಾದ ಕಲಾ ವಿಭಾಗ ಸೇರಿಕೊಂಡವನು.

ನೀವು ಪರದೆಯ ಮೇಲೆ ಉಕ್ಕಿನ ಸರಪಳಿ ಅಂಗಿ ಅಂದುಕೊಂಡು ನೋಡಿದ್ದರಲ್ಲಿ ಎಷ್ಟೋ ದಪ್ಪ ಉಲ್ಲನ್ನಿನ ಹೆಣಿಗೆ. ಮೇಲೊಂದು ಬೆಳ್ಳಿ ಬಣ್ಣದ ಸ್ಪ್ರೇ. ಎದೆಗವಚ ಫೈಬರಿನದು, ಒಳಗೆ ಸ್ಪಂಜು. ಫಿರಂಗಿಗೆ ಪಿವಿಸಿ ಪೈಪು, ಪ್ಲೈವುಡ್ ಗಾಲಿ. ಮುಂದಿನ ಸಾಲಿನವರಿಗಷ್ಟೇ ಒಳ್ಳೆಯ ಕತ್ತಿ. ಹಿಂದಿನವರಿಗೆ ಬಿದಿರು ಪಟ್ಟಿಗೆ ಅಂಟಿಸಿದ ಬೆಳ್ಳಿ ಕಾಗದ. ಮೂರನೇ ಸಾಲಿನವರು ಕೈ ಎತ್ತಿ ಕೂಗಿದರೆ ಸಾಕು, ಊಟಕ್ಕೆ ಮಾತ್ರ ಅವರೇ ಮೊದಲು ಬರುತ್ತಾರೆ.

ಇದೆಲ್ಲ ನೆಲದ ಮೇಲೆ ನಡೆಯುತ್ತದೆ. ನೀರಿನ ಮೇಲೆ ನಡೆಯುವುದಿಲ್ಲ ಎಂದು ನಾನು ಕಂಡದ್ದು ನನ್ನೂರಿನಲ್ಲೇ.

ನಮ್ಮ ಅಳಿವೆಗೆ ಸಿನಿಮಾದವರು ಬರುವುದರಲ್ಲಿ ಆಶ್ಚರ್ಯವಿಲ್ಲ. ತದಡಿಯಿಂದ ಅಘನಾಶಿನಿ ಹೊಳೆಗುಂಟ ಮೇಲೆ ಹೋದರೆ ಮಿರ್ಜಾನ ಕೋಟೆ. 1552ರಿಂದ 1606ರವರೆಗೆ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಆ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಘಟ್ಟದ ಮೆಣಸು ಮಿರ್ಜಾನಕ್ಕೆ ಇಳಿದು, ಹೊಳೆಗುಂಟ ಬಂದು, ಇದೇ ಅಳಿವೆ ದಾಟಿ ಸಮುದ್ರಕ್ಕೆ ಹೋಗುತ್ತಿತ್ತು. ಮುಂದೆ ಬ್ರಿಟಿಷರ ಜನರಲ್ ಮ್ಯಾಥ್ಯೂಸ್ ದಂಡು ಇಳಿಸಿದ್ದೂ ಈ ಹೊಳೆಬಾಯಿಯ ರಾಜಮಂದುರ್ಗದಲ್ಲೇ. ಆಮೇಲೆ 1783ರ ಆರಂಭದಲ್ಲಿ ಹೊನ್ನಾವರ ಹಿಡಿದು, ಘಟ್ಟ ಹತ್ತಿ ಬಿದನೂರಿಗೆ ಹೋದ. ಅದೇ ವರ್ಷ ಟಿಪ್ಪು ಬಿದನೂರನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಸಿನಿಮಾಕ್ಕೆ ಇದಕ್ಕಿಂತ ಬೇರೆ ಕತೆ ಬೇಕೆ?

ಒಮ್ಮೆ ಹಾಗೆ ಬಂದ ಸಿನಿಮಾ ತಂಡಕ್ಕೆ ಬೇಕಾಗಿದ್ದುದು ಪರಂಗಿಯವರ ಹಡಗು ಅಳಿವೆಯೊಳಗೆ ನುಗ್ಗುವ ದೃಶ್ಯ. ಊರಿನವನು ಎಂದು ಹಡಗಿನ ಕೆಲಸ ನನ್ನ ಪಾಲಿಗೆ ಬಂತು. ಮೀನುಗಾರಿಕೆಯ ಹಳೆ ಬೋಟೊಂದನ್ನು ಬಾಡಿಗೆಗೆ ಹಿಡಿದು, ಎರಡೂ ಮಗ್ಗುಲಿಗೆ ಆಳೆತ್ತರದ ಪ್ಲೈವುಡ್ ಬಡಿದು, ಫಿರಂಗಿಯ ಕಿಂಡಿ ಕೊರೆದು, ಡಾಂಬರಿನ ಬಣ್ಣ ಬಳಿದೆವು. ದಂಡೆಯಲ್ಲಿ ಮೆಣಸಿನ ರಾಶಿ ಬೇಕಿತ್ತು. ನಿಜವಾದ ಮೆಣಸು ತಂದರೆ ನಾಯಕನ ಸಂಭಾವನೆಗೆ ಕೈ ಹಾಕಬೇಕಾದೀತು. ಗೋಣಿಯೊಳಗೆ ಭತ್ತದ ಹೊಟ್ಟು ತುಂಬಿ, ಬಾಯಿಗೆ ಒಣಗಿಸಿದ ಪಪ್ಪಾಯಿ ಬೀಜ ಹರಡಿದೆವು. ಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವ ವ್ಯಾಪಾರಿಗಳನ್ನು ಆವತ್ತು ಮೊದಲ ಬಾರಿ ಗೌರವದಿಂದ ನೆನೆದೆ.

ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ಜೂನಿಯರ್ ಕಲಾವಿದರಲ್ಲಿ ಈಜು ಬರುತ್ತಿದ್ದವರು ಬೆರಳೆಣಿಕೆ. ಸಾಲದ್ದಕ್ಕೆ ನಮ್ಮೂರ ಹುಡುಗರಿಗೇ ಗಡ್ಡ ಅಂಟಿಸಿ, ಪೌಡರ್ ಬಳಿದು ಪೋರ್ಚುಗೀಸರನ್ನಾಗಿ ಮಾಡಿದರು. ಬಿಸಿಲೇರುತ್ತಿದ್ದ ಹಾಗೆ ಬೆವರಿಗೆ ಪೌಡರ್ ಇಳಿದು, ಲಿಸ್ಬನ್ನಿನವರೆಲ್ಲ ಒಬ್ಬೊಬ್ಬರಾಗಿ ತದಡಿಯವರಾಗುತ್ತ ಬಂದರು.

ಅಷ್ಟರಲ್ಲಿ ನೀರು ಇಳಿಯಿತು. ನೀರು ಇಳಿದರೆ ಮರಳ ದಿಬ್ಬ ಮೇಲೆ ಬರುತ್ತದೆ, ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಬರುತ್ತಾರೆ. ಸರಿಯಾಗಿ ಕ್ಯಾಮರಾ ನೋಡುವ ಕಡೆಗೇ ಅವರು ಬಗ್ಗಿ ನಿಂತಿದ್ದರು. ಸಹಾಯಕ ನಿರ್ದೇಶಕ ಮೆಗಾಫೋನಿನಲ್ಲಿ ಬೊಬ್ಬೆ ಹೊಡೆದ: “ಅಮ್ಮಾ, ಇಲ್ಲಿ ಯುದ್ಧ ನಡೀತಿದೆ, ಆ ಕಡೆ ಹೋಗಿ!” ಹಿರಿಯಳೊಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡಳು. “ತಮಾ, ಲಡಾಯಿ ಆಗ್ವಾಗ ಜನ ಬಳಚು ಹೆರ್ಕೂಕಿಲ್ವಾ? ಇಳತ ನಿನ್ನ ಕೆಮರಾಕೆ ಕಾಯ್ತದ್ಯಾ?”

ನಿರ್ದೇಶಕರಿಗೆ ಸಿಟ್ಟು ಬಂತು. ನನಗೆ ಇಡೀ ಚಿತ್ರಕತೆಯಲ್ಲಿ ಅಷ್ಟು ಒಳ್ಳೆಯ ಸಂಭಾಷಣೆ ಕಂಡಿರಲಿಲ್ಲ. ರಾಣಿಯ ಕಾಲದಲ್ಲೂ ದಂಡು ಬಂದ ದಿನ ಯಾರೋ ಬಳಚು ಹೆಕ್ಕುತ್ತಲೇ ಇದ್ದಿರಬೇಕು. ಆ ಹೆಂಗಸರನ್ನು ಚೌಕಟ್ಟಿನೊಳಗೆ ಬಿಟ್ಟುಕೊಂಡಿದ್ದರೆ ಆ ಯುದ್ಧಕ್ಕೊಂದು ಊರು ಸಿಗುತ್ತಿತ್ತು. ಆದರೆ ತಂಡದವರು ಹೆಂಗಸರು ಹೋಗುವವರೆಗೆ ಕಾದರು. ಕಾಯುವಷ್ಟರಲ್ಲಿ ಗಾಳಿ ಎದ್ದಿತ್ತು.

ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ಓಡುತ್ತದೆ. ಮಧ್ಯಾಹ್ನದ ಪಡುಗಾಳಿ ಸಮುದ್ರವನ್ನು ಒಳಗೆ ತಳ್ಳುತ್ತದೆ. ಎರಡೂ ಅಳಿವೆಯ ಬಾಯಲ್ಲಿ ಸಂಧಿಸಿ ತೆರೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೂ ಜಾಸ್ತಿ. ನಿರ್ದೇಶಕರಿಗೆ ಬೇಕಾಗಿದ್ದುದು ಆ ತೆರೆಯೇ. ಬೋಟು ನಡೆಸುವ ತಾಂಡೇಲ ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. “ಈಗ ಹೊರಗೆ ಹಾಕೂದಿಲ್ಲ” ಅಂದ. ಹಣ ಹೆಚ್ಚಿಸಿದರು, ಆತ ಇನ್ನೊಂದು ಬೀಡಿ ಹಚ್ಚಿದ. ಕೊನೆಗೆ ಒಳಹೊಳೆಯಲ್ಲೇ, ಧಕ್ಕೆಯ ಹತ್ತಿರ ತೆಗೆಯುವುದೆಂದಾಯಿತು. ಪ್ಲೈವುಡ್ ಗೋಡೆಗೆ ಗಾಳಿ ಹೊಡೆದದ್ದೇ ಬೋಟು ಅಲ್ಲೇ ವಾಲಿತು, ಮಗ್ಗುಲಿಗೆ ಒತ್ತಿ ನಿಂತಿದ್ದ ಸೈನಿಕರಲ್ಲಿ ಇಬ್ಬರು ನೀರಿಗೆ ಬಿದ್ದರು. ಗಡ್ಡದ ಹುಡುಗರು ತಕ್ಷಣ ಧುಮುಕಿದರು. ಉಲ್ಲನ್ನಿನ ಅಂಗಿ ನೀರು ಕುಡಿದು ಎಷ್ಟು ಭಾರವಾಗಿತ್ತೆಂದರೆ, ಎದೆಮಟ್ಟದ ನೀರಿನಿಂದ ಒಬ್ಬನನ್ನು ಎತ್ತಲು ಮೂವರು ಬೇಕಾಯಿತು. ಅಳಿವೆಯ ಬಾಯಲ್ಲಿ ನೀರು ಎದೆಮಟ್ಟಕ್ಕೆ ನಿಲ್ಲುವುದಿಲ್ಲ.

ತಂಡದವರು ಇದನ್ನು ಜೂನಿಯರ್ ಕಲಾವಿದರನ್ನು ಒದಗಿಸಿದ ಮಧ್ಯವರ್ತಿಯ ಲೆಕ್ಕಕ್ಕೆ ಬರೆದು ಮುಗಿಸಿದರು. ಬಿದ್ದವರಿಗೆ ಸಂಜೆ ಒಂದು ಬೇಟಾ (ದಿನದ ಭತ್ಯೆ) ಹೆಚ್ಚು ಸಿಕ್ಕಿತು, ಎತ್ತಿದವರಿಗೆ ಅದೂ ಇಲ್ಲ.

ನಮ್ಮಲ್ಲಿ ಶೂಟಿಂಗಿನ ಸಾವುಗಳ ನೆನಪು ಕಡಿಮೆ. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಸಡಿಲ ವೈರಿಂಗ್, ಗಾಳಿಯಾಡದ ಒಳಾಂಗಣ, ಗೋಡೆಗೆ ಹೊದಿಸಿದ ಗೋಣಿಚೀಲ ಎಂದು ಆಮೇಲೆ ಕಾರಣ ಪಟ್ಟಿ ಮಾಡಿದರು. ನಾವು ಸೆಟ್ಟಿನವರು ಗೋಣಿ ಮುಟ್ಟಿದಾಗೆಲ್ಲ ಆ ಸುದ್ದಿ ಬರುತ್ತಿತ್ತು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ಯ ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಇಬ್ಬರು ಸಾಹಸ ಕಲಾವಿದರು ಮುಳುಗಿದರು. ಅದು ನಿಂತ ನೀರು. ನಮ್ಮದು ದಿನಕ್ಕೆರಡು ಬಾರಿ ಏರಿ ಇಳಿಯುವ ನೀರು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕರಾವಳಿಯ ನೀರಿನ ಮೇಲೆ ಚಿತ್ರೀಕರಣಕ್ಕೆ ಪರವಾನಗಿ ಕೊಡುವಾಗ ಊರಿನ ಒಬ್ಬ ತಾಂಡೇಲನ ಹೆಸರು ಕಾಗದದಲ್ಲಿರಬೇಕು. ಕ್ಯಾಮರಾ ದೋಣಿಯಲ್ಲಿ ನಿರ್ದೇಶಕನ ಪಕ್ಕದಲ್ಲೇ ಆತ ಕೂರಬೇಕು. ‘ಆ್ಯಕ್ಷನ್’ ಯಾರಾದರೂ ಹೇಳಿಕೊಳ್ಳಲಿ, ‘ಕಟ್’ ಹೇಳುವ ಹಕ್ಕು ಅವನದಿರಲಿ. ಆತ ಹೇಳಿದ ಮೇಲೆ ಇನ್ನೊಂದು ಟೇಕ್ ಇಲ್ಲ. ಕವಚದೊಳಗೆ ಉಲ್ಲನ್ ಬೇಡ, ಸ್ಪಂಜಿನ ಜಾಗದಲ್ಲಿ ತೇಲುವ ಫೋಮ್ ಹಾಕಲು ಬರುತ್ತದೆ. ಅದು ನಮ್ಮ ವಿಭಾಗದ ಕೆಲಸ, ಖರ್ಚೂ ದೊಡ್ಡದಲ್ಲ. ಎತ್ತುವ ಹುಡುಗರಿಗೆ ಬೀಳುವವರಷ್ಟೇ ಕೂಲಿ.

ಈಗೆಲ್ಲ ಕಂಪ್ಯೂಟರಿನಲ್ಲೇ ಸಮುದ್ರ ಮಾಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಮಾಡಲಿ, ತೊಟ್ಟಿಯಲ್ಲಿ ನೀರು ತುಂಬಿ ಹಿಂದೆ ಹಸಿರು ಬಟ್ಟೆ ಕಟ್ಟುವುದರಲ್ಲಿ ಅವಮಾನವೇನಿಲ್ಲ. ಆದರೆ ಅಳಿವೆಗೇ ಬರುವುದಾದರೆ ಅಳಿವೆಯ ಯುದ್ಧವನ್ನೇ ತೆಗೆಯಿರಿ. ಇಲ್ಲಿ ಹಡಗನ್ನು ಸೋಲಿಸಲು ಫಿರಂಗಿಯೇ ಬೇಕೆಂದಿಲ್ಲ. ಕಾಲುವೆಯ ದಾರಿ ಗೊತ್ತಿಲ್ಲದವನ ಹಡಗು ಇಳಿತಕ್ಕೆ ದಿಬ್ಬದ ಮೇಲೆ ಕೂತುಬಿಡುತ್ತದೆ. ಕಾಂಡ್ಲಾ ಗಿಡಗಳ ಮರೆಯಿಂದ ಬರುವ ಪಾತಿ ದೋಣಿಗೆ ಮೊಣಕಾಲು ನೀರು ಸಾಕು. ಹಾಗೆ ಕೂತ ಹಡಗಿನ ಮೇಲಿನವರ ಮುಖ ತೋರಿಸಿದರೆ ನೂರು ಕುದುರೆಯ ಕೆಲಸವಾಗುತ್ತದೆ.

ಮೊನ್ನೆ ಒಬ್ಬ ನಿರ್ಮಾಣ ನಿರ್ವಾಹಕ ಮನೆಗೆ ಬಂದಿದ್ದ. ರಾಣಿಯ ಕತೆ, ದೊಡ್ಡ ಬಜೆಟ್ಟು ಅಂದ. ನಾನು ಹೇಳಿದ್ದನ್ನೆಲ್ಲ ಫೋನಿನಲ್ಲಿ ಬರೆದುಕೊಂಡ. ಒಳ್ಳೆಯ ಹುಡುಗ, ಊಟ ಮಾಡಿಯೇ ಹೊರಟ. ಚಪ್ಪಲಿ ಮೆಟ್ಟುತ್ತ ಕೇಳಿದ: “ಸಾರ್, ಜೂನ್-ಜುಲೈನಲ್ಲಿ ಮೀನುಗಾರಿಕೆ ನಿಷೇಧ ಇರುತ್ತಂತಲ್ಲ, ಬೋಟುಗಳೆಲ್ಲ ದಡದಲ್ಲೇ ಇರ್ತವೆ. ಆವಾಗ ಬಾಡಿಗೆ ಕಡಿಮೆ ಆಗಬಹುದಾ?”

ಬೋಟು ಸಿಗುತ್ತದೆ, ತಾಂಡೇಲ ಸಿಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ. ಆಷಾಢದಲ್ಲಿ ಒಮ್ಮೆ ಬಂದು ಅಳಿವೆ ನೋಡಿಕೊಂಡು ಹೋಗು, ಆಮೇಲೆ ಬಾಡಿಗೆ ಮಾತಾಡೋಣ ಎಂದು ಕಳಿಸಿದ್ದೇನೆ.